ಸತ್ಯಾಂಶ: ನೆಪೋಲಿಯನ್ ಅಷ್ಟೇನೂ ಕುಳ್ಳನಲ್ಲ

‘ಯುರೋಪನ್ನೇ ನಡುಗಿಸಿದ ನೆಪೋಲಿಯನ್‌ನ ಎತ್ತರ ಬರೀ 5 ಅಡಿ 2 ಇಂಚು!’ ಸಾಮಾನ್ಯ ಜ್ಞಾನದ ಹೆಸರಲ್ಲಿ ಹರಿದಾಡುವ ಈ ಸಂದೇಶದ ಅಂಕಿ ಕಟ್ಟುಕಥೆಯಲ್ಲ. ತಪ್ಪಿರುವುದು ಅಳತೆಗೋಲು.

1821ರ ಮೇ 5ರಂದು ಸೇಂಟ್ ಹೆಲೆನಾ ದ್ವೀಪದಲ್ಲಿ ಆತ ತೀರಿಕೊಂಡ. ಶವಪರೀಕ್ಷೆ ಮಾಡಿದ ವೈದ್ಯ ಆಂಟೊಮಾರ್ಕಿ ದಾಖಲಿಸಿದ್ದು 5 ಅಡಿ 2 ಇಂಚು ಚಿಲ್ಲರೆ, ಆದರೆ ಹಳೆಯ ಫ್ರೆಂಚ್ ಅಳತೆಯಲ್ಲಿ. ಇಂಗ್ಲಿಷ್ ಇಂಚು 2.54 ಸೆಂ.ಮೀ., ಫ್ರೆಂಚ್ ಇಂಚು ಸುಮಾರು 2.71. ಒಂದು ಇಂಚಿಗೆ ಕೂದಲೆಳೆಯಷ್ಟೇ ಅಂತರ ಅನಿಸಬಹುದು. 62 ಇಂಚಿಗೆ ಗುಣಿಸಿ ನೋಡಿ. ಇಂಗ್ಲಿಷ್ ಲೆಕ್ಕದಲ್ಲಿ 157.5 ಸೆಂ.ಮೀ., ಫ್ರೆಂಚ್ ಲೆಕ್ಕದಲ್ಲಿ ಸುಮಾರು 168. ಚಿಲ್ಲರೆಯನ್ನೂ ಕೂಡಿದರೆ 168.7, ಅಂದರೆ ಇಂದಿನ 5 ಅಡಿ 6 ಇಂಚಿಗೆ ತುಸು ಹೆಚ್ಚು. ಆ ಕಾಲದ ಫ್ರೆಂಚ್ ಗಂಡಸರ ನಡುವೆ ಇದು ಗಿಡ್ಡ ಮೈಕಟ್ಟಲ್ಲ.

ತಪ್ಪು ಕಲ್ಪನೆಗೆ ನೀರೆರೆದವರೂ ಇದ್ದರು. ಬ್ರಿಟಿಷ್ ವ್ಯಂಗ್ಯಚಿತ್ರಕಾರ ಜೇಮ್ಸ್ ಗಿಲ್‌ರೇ ಅವನನ್ನು ದೊಡ್ಡ ಬೂಟಿನೊಳಗಿನ ಪುಟ್ಟ ಪುಂಡನಂತೆ ಬರೆದ; ಶತ್ರುವನ್ನು ಕುಗ್ಗಿಸಲು ಅದಕ್ಕಿಂತ ಅಗ್ಗದ ದಾರಿ ಇರಲಿಲ್ಲ. ಸೈನಿಕರು ಕರೆಯುತ್ತಿದ್ದ ‘ಪುಟ್ಟ ಕಾರ್ಪೊರಲ್’ ಎಂಬುದಂತೂ ಸಲುಗೆಯ ಹೆಸರು.

ಕ್ವಿಜ್‌ನಲ್ಲಿ ಎತ್ತರ ಕೇಳುವುದಾದರೆ ಸೆಂಟಿಮೀಟರಿನಲ್ಲೇ ಕೇಳಿ.