ವೆಟ್ ಪ್ಲೇಟಿನಲ್ಲಿ ಕುಂಕುಮ ಕಪ್ಪಾಗುತ್ತದೆ

ವೆಟ್ ಪ್ಲೇಟ್ ಕೊಲೋಡಿಯನ್ ಅಂದರೆ ಗಾಜಿಗೆ ಕೊಲೋಡಿಯನ್ ಎಂಬ ಅಂಟು ದ್ರಾವಣ ಹರಿಸಿ, ಅದು ಒಣಗುವ ಮುಂಚೆಯೇ ಫೋಟೋ ತೆಗೆದು ಡೆವಲಪ್ ಮಾಡುವ ಹಳೇ ವಿಧಾನ. ಇದರಲ್ಲಿ ಪೋರ್ಟ್ರೇಟಿಗೆ ಇಳಿಯುವವರು ಮೊದಲು ದುಡ್ಡು ಸುರಿಯುವುದು ಹಳೇ ಹಿತ್ತಾಳೆ ಲೆನ್ಸಿಗೆ. ಅದಕ್ಕಿಂತ ಮುಂಚೆ ಒಂದು ಥರ್ಮಾಮೀಟರ್ ತಗೊಳ್ಳಿ. 1851ರಲ್ಲಿ ಫ್ರೆಡೆರಿಕ್ ಸ್ಕಾಟ್ ಆರ್ಚರ್ ಈ ವಿಧಾನ ಪ್ರಕಟಿಸಿದ್ದು ಇಂಗ್ಲೆಂಡಿನ ಚಳಿಯಲ್ಲಿ ಕೂತು. ಕೊಲೋಡಿಯನ್ನಿನ ಈಥರ್ ಕುದಿಯುವುದೇ 34.6 ಡಿಗ್ರಿಗೆ, ರಾಯಚೂರಿನ ಏಪ್ರಿಲ್ಲಿಗೆ ಈ ಆಟ ಆಗಿಬರುವುದಿಲ್ಲ. ಹತ್ತಿರ ಬೆಂಕಿಯಂತೂ ಇರಲೇಬಾರದು.

ಕೊಲೋಡಿಯನ್ನನ್ನು ಗಾಜಿನ ನಡುವೆ ಸುರಿದು ನಾಲ್ಕೂ ಮೂಲೆಗೆ ಹರಿಸಿ, ಕೊನೇ ಮೂಲೆಯಿಂದ ಬಾಟಲಿಗೆ ಬಸಿಯಿರಿ. ದೋಸೆ ಹಿಟ್ಟಲ್ಲ, ಸವರಬೇಡಿ, ತಾನೇ ಹರಿಯಬೇಕು. ಬಸಿಯುವಾಗ ಪ್ಲೇಟನ್ನು ಅತ್ತಿತ್ತ ಓಲಾಡಿಸದಿದ್ದರೆ ಗೆರೆ ಬೀಳುತ್ತದೆ. ಅಂಚಿನಲ್ಲಿ ಬೆರಳೊತ್ತಿದರೆ ಗುರುತು ನಿಲ್ಲುವ ಹದಕ್ಕೆ, 9% ಸಿಲ್ವರ್ ನೈಟ್ರೇಟಿನಲ್ಲಿ 3–4 ನಿಮಿಷ ಅದ್ದಿಡಿ, ಪ್ಲೇಟಿಗೆ ಬೆಳಕು ಹಿಡಿಯುವ ಗುಣ ಬರುವುದು ಇಲ್ಲೇ. ಆತುರಪಟ್ಟರೆ ಪದರ ಕಿತ್ತು ಬರುತ್ತದೆ, ತಡವಾದರೆ ಒಣಗಿದ ಕಡೆ ಬೆಳ್ಳಿ ಹಿಡಿಯುವುದಿಲ್ಲ.

ಈ ಪ್ಲೇಟಿಗೆ ಕಾಣುವುದು ನೀಲಿ ಮತ್ತು ಅತಿನೇರಳೆ ಬೆಳಕು ಮಾತ್ರ. ಹಾಗಾಗಿ ಹಣೆಯ ಕುಂಕುಮ ಕಪ್ಪು ಬೊಟ್ಟು, ಅರಿಶಿನ ಹಚ್ಚಿದ ಕೆನ್ನೆಗೆ ಮಸಿ ಬಳಿದಂತೆ, ನೀಲಿ ಸೀರೆ ಮಾತ್ರ ಒಗೆದೊಗೆದು ಬಿಳುಚಿದ ಹಾಗೆ. ನಮ್ಮ ಕಂದು ಮೈಬಣ್ಣವೂ ಕಣ್ಣಿಗೆ ಕಂಡದ್ದಕ್ಕಿಂತ ಗಾಢವಾಗಿಯೇ ಬೀಳುತ್ತದೆ. ಬಿಳಿ ಮುಖಕ್ಕೆ ಬರೆದ ಎಕ್ಸ್‌ಪೋಷರ್ ಪಟ್ಟಿ ನೋಡಿಕೊಂಡು ಕೆಮಿಕಲ್ಲನ್ನು ಬೈಯಬೇಡಿ, ಒಂದು ಸ್ಟಾಪ್ ಹೆಚ್ಚಿಗೆ, ಅಂದರೆ ಎರಡು ಪಟ್ಟು ಬೆಳಕು ಕೊಟ್ಟು ಶುರುಮಾಡಿ. ಸಂಜೆಯ ಹೊಂಬಿಸಿಲು ನೋಡಲು ಚೆಂದ, ಅದರಲ್ಲಿ ನೀಲಿಯೇ ಕಡಿಮೆ. ಬೆಳಗ್ಗೆ ಹತ್ತರ ಹೊತ್ತಿಗೆ, ತೆರೆದ ಆಕಾಶ ಕಾಣುವ ನೆರಳಲ್ಲಿ ಕೂರಿಸಿ.

ಬೆಲ್ಲೋಸ್ ಅಂದರೆ ಲೆನ್ಸಿಗೂ ಪ್ಲೇಟಿಗೂ ನಡುವೆ ಹಿಗ್ಗಿ ಕುಗ್ಗುವ ಮಡಿಕೆ ಚೀಲ. ಅದರ ಲೆಕ್ಕ ಮರೆಯುವವರೇ ಜಾಸ್ತಿ. 300 ಮಿ.ಮೀ. ಲೆನ್ಸಿನಲ್ಲಿ ಮುಖ ಅರ್ಧ ಅಳತೆಗೆ ಬರಬೇಕೆಂದರೆ ಬೆಲ್ಲೋಸ್ 450ಕ್ಕೆ ಎಳೆಯಬೇಕು, ಬೆಳಕು ಎರಡೂಕಾಲು ಪಟ್ಟು ಬೇಕು. 4 ಸೆಕೆಂಡ್ 9 ಆಗುತ್ತದೆ. ತಲೆಯ ಹಿಂದೆ ಆನಿಕೆ ಇಲ್ಲದೆ ಯಾರೂ ಅಷ್ಟು ಹೊತ್ತು ಅಲುಗಾಡದೆ ಕೂರಲಾರರು.

ಚಿತ್ರ ಮೂಡಿಸುವ ಡೆವಲಪರ್: 350 ಮಿ.ಲೀ. ನೀರು, 15 ಗ್ರಾಂ ಅನ್ನಭೇದಿ ಅಂದರೆ ಫೆರಸ್ ಸಲ್ಫೇಟ್, 14 ಮಿ.ಲೀ. ಗ್ಲೇಶಿಯಲ್ ಅಸಿಟಿಕ್ ಆಸಿಡ್, 18 ಮಿ.ಲೀ. ಆಲ್ಕೋಹಾಲ್. ಸೆಕೆಯಲ್ಲಿ ಆಸಿಡ್ 20 ಮಿ.ಲೀ. ದಾಟಿಸಿ, ಬಾಟಲಿಯನ್ನು ಐಸ್ ನೀರಲ್ಲಿಡಿ. ಇಲ್ಲದಿದ್ದರೆ ನೆರಳಿನ ಮೇಲೆಲ್ಲ ಬೂದು ಮಬ್ಬು ಕವಿಯುತ್ತದೆ. ಒಂದು ಅಂಚಿನಿಂದ ಒಂದೇ ಬೀಸಿಗೆ ಹರಿಸಿ. ಒಂದೇ ಜಾಗಕ್ಕೆ ಸುರಿದರೆ ಅಲ್ಲಿನ ಬೆಳ್ಳಿ ಕೊಚ್ಚಿಹೋಗಿ ಕಪ್ಪು ಕಲೆ ಉಳಿಯುತ್ತದೆ. ಸುಮಾರು 15 ಸೆಕೆಂಡಿಗೆ ನೀರು ಹಾಕಿ ನಿಲ್ಲಿಸಿ. ಕೂದಲಿನ ಎಳೆಯೂ ಕಾಣಲಿ ಅಂತ ಕಾದರೆ ಪ್ಲೇಟ್ ಹೋಯಿತು.

ಫಿಕ್ಸಿಂಗಿಗೆ, ಅಂದರೆ ಮೂಡಿದ ಚಿತ್ರವನ್ನು ಕಾಯಂ ಮಾಡಲು, ಹೈಪೋ (ಸೋಡಿಯಂ ಥಯೋಸಲ್ಫೇಟ್) ಸಾಕು. ಸಯನೈಡಿನಲ್ಲಿ ಬಿಳುಪು ಚೆನ್ನಾಗಿ ಬರುತ್ತದೆ ಅನ್ನುವುದು ನಿಜ. ಆದರೆ ಡೆವಲಪರಿನ ಆಸಿಡ್ ಅದಕ್ಕೆ ತಗುಲಿದರೆ ವಿಷಾನಿಲ ಏಳುತ್ತದೆ, ಮನೆಯ ಬಚ್ಚಲಲ್ಲಿ ಅದು ಬೇಡವೇ ಬೇಡ.