ಹಿಂದಿನ ಹಲ್ಲು ತಾನೇ, ಯಾರಿಗೆ ಕಾಣುತ್ತೆ?

ಮುಂದಿನ ಹಲ್ಲು ಬಿದ್ರೆ ಮಾರನೇ ದಿನವೇ ಡಾಕ್ಟ್ರ ಹತ್ರ ಓಡ್ತೀವಿ. ಅದೇ ದವಡೆ ಹಲ್ಲು ಕೀಳಿಸಿಕೊಂಡವರು ನೋವು ಹೋಯ್ತಲ್ಲ ಸಾಕು ಅಂತ ವರ್ಷಗಟ್ಟಲೆ ಹಾಗೇ ಬಿಟ್ಟಿರ್ತಾರೆ. ಇದು ನೋಡಿದಾಗೆಲ್ಲ ನನಗೆ ಸಂಕಟ ಆಗುತ್ತೆ, ಯಾಕಂದ್ರೆ ಊಟ ಅರೆಯೋದು ಆ ಕಾಣದ ಹಲ್ಲುಗಳೇ.

ಆ ಜಾಗ ಸುಮ್ನೆ ಖಾಲಿ ಇರಲ್ಲ ರೀ. ಪಕ್ಕದ ಹಲ್ಲು ಆ ಕಡೆ ವಾಲುತ್ತೆ, ಕೆಳಗಿನದು ಹೋಗಿದ್ರೆ ಮೇಲಿನದು ತಡೆಯೋರಿಲ್ದೆ ನಿಧಾನಕ್ಕೆ ಇಳಿಯುತ್ತೆ, ಸಂದಿ ಬಿಡುತ್ತೆ, ಅಲ್ಲಿ ಊಟ ಸಿಕ್ಕಿಕೊಂಡು ಹುಳುಕು, ವಸಡು ಊತ ಎಲ್ಲಾ ಶುರು, ಕೊನೆಗೆ ಚೆನ್ನಾಗಿದ್ದ ಹಲ್ಲೂ ಕೀಳಿಸಬೇಕಾಗುತ್ತೆ. ಬೇರು ಹೋದ ಕಡೆ ದವಡೆ ಮೂಳೆನೂ ಸವೆಯುತ್ತೆ, ಹೆಚ್ಚು ಸವೆಯೋದು ಮೊದಲ ವರ್ಷದಲ್ಲೇ. ಎಷ್ಟೋ ವರ್ಷ ಬಿಟ್ಟು ಇಂಪ್ಲಾಂಟ್ (ದವಡೆ ಮೂಳೆಗೆ ಸ್ಕ್ರೂ ಕೂರಿಸಿ ಅದರ ಮೇಲೆ ಕಟ್ಟೋ ಹಲ್ಲು) ಹಾಕಿ ಅಂತ ಹೋದ್ರೆ ಮೂಳೆ ಸಾಲಲ್ಲ, ಮೊದ್ಲು ಬೋನ್ ಗ್ರಾಫ್ಟ್, ಅಂದ್ರೆ ಸವೆದ ಕಡೆ ಮೂಳೆ ತುಂಬಿಸೋದು, ಮಾಡಬೇಕು ಅಂತಾರೆ, ಖರ್ಚು ಇನ್ನೂ ಏರುತ್ತೆ.

ನನ್ನ ದೊಡ್ಡ ಚಿಂತೆ ವಯಸ್ಸಾದವರದ್ದು. ನಮ್ಮ ಸೋದರತ್ತೆ ಮೊದ್ಲು ಚಕ್ಕುಲಿ ಬಿಟ್ರು, ಆಮೇಲೆ ಸೀಬೆಹಣ್ಣು, ಕೋಸಂಬರಿ, ಕಾಳಿನ ಪಲ್ಯ, ಕೊನೆಗೆ ಮೆತ್ತಗಿನ ಅನ್ನ ಸಾರು, ಟೀಲಿ ಅದ್ದಿದ ಬನ್ನು ಅಷ್ಟೇ. ಮನೆಯವರೆಲ್ಲ ವಯಸ್ಸಾಯ್ತು, ಊಟ ಸೇರಲ್ಲ ಅಂದ್ಕೊಂಡ್ರು. ಸೇರದೆ ಅಲ್ಲ, ಅಗಿಯೋಕೆ ಆಗ್ತಿರಲಿಲ್ಲ. ಶುಗರ್ ಇರೋರಿಗೆ ಡಾಕ್ಟ್ರು ತರಕಾರಿ ಕಾಳು ಜಾಸ್ತಿ ತಿನ್ನಿ ಅಂತಾರೆ, ಹಲ್ಲಿಲ್ಲದವರು ತಿನ್ನೋದು ಹೇಗೆ? ಶುಗರ್ ವಸಡನ್ನೂ ಹಾಳು ಮಾಡುತ್ತೆ, ಅಲ್ಲಿಗೆ ಉಳಿದ ಹಲ್ಲುಗಳಿಗೂ ಕಷ್ಟ.

ಜಪಾನಿನಲ್ಲಿ 1989ರಿಂದಲೇ 80 ವರ್ಷಕ್ಕೂ ಸ್ವಂತ 20 ಹಲ್ಲು ಉಳಿಸ್ಕೊಳ್ಳಿ ಅಂತ ಅಭಿಯಾನ ಇದೆ. ನಮ್ಮಲ್ಲಿ ಆರನೇ ವಯಸ್ಸಿಗೆ ಬರೋ ದವಡೆ ಹಲ್ಲನ್ನ ಹಾಲು ಹಲ್ಲು, ಬಿದ್ದು ಹುಟ್ಟುತ್ತೆ ಅಂತ ಬಿಟ್ಟುಬಿಡ್ತೀವಿ. ಅದು ಒಂದೇ ಸಲ ಬರೋದು!

ಕಿತ್ತ ಹಲ್ಲಿಗೆಲ್ಲ ಬದಲಿ ಬೇಕು ಅಂತಲ್ಲ, ಬುದ್ಧಿ ಹಲ್ಲಿಗೆ ಯಾರೂ ಕಟ್ಟಿಸಲ್ಲ. ಉಳಿದಿದ್ದಕ್ಕೆ ಇಂಪ್ಲಾಂಟೇ ಆಗ್ಬೇಕು ಅಂತಾನೂ ಇಲ್ಲ. ಅಕ್ಕಪಕ್ಕದ ಹಲ್ಲುಗಳ ಆಧಾರದ ಮೇಲೆ ಕಟ್ಟೋ ಬ್ರಿಡ್ಜ್ ಇದೆ, ಆದ್ರೆ ಅದಕ್ಕೆ ಆ ಹಲ್ಲುಗಳನ್ನ ತೇಯ್ದು ಸಣ್ಣ ಮಾಡಬೇಕಾಗುತ್ತೆ, ಕೇಳಿ ತಿಳ್ಕೊಳ್ಳಿ. ತೆಗೆದು ಹಾಕೋ ಹಲ್ಲು ಸೆಟ್ ಇನ್ನೂ ಅಗ್ಗ. ದುಡ್ಡಿನ ತೊಂದರೆ ಇದ್ರೆ ಬೆಂಗಳೂರಿನ ಸರ್ಕಾರಿ ಡೆಂಟಲ್ ಕಾಲೇಜಿನಂಥ ಕಡೆ ಹೋಗಿ ಕೇಳಿ. ಬಿಪಿಎಲ್ ಕಾರ್ಡಿನ ಹಿರಿಯರಿಗೆ ಫ್ರೀಯಾಗಿ ಹಲ್ಲು ಸೆಟ್ ಕೊಡೋಕೆ ಅಂತಲೇ ನಮ್ಮ ರಾಜ್ಯ ದಂತ ಭಾಗ್ಯ ಯೋಜನೆ ತಂದಿದ್ದು, ಎಷ್ಟೋ ಜನಕ್ಕೆ ಆ ಹೆಸರೇ ಗೊತ್ತಿಲ್ಲ.

ಅಪ್ಪ ಅಮ್ಮ ತಟ್ಟೆಯಲ್ಲಿ ಏನೇನು ಪಕ್ಕಕ್ಕೆ ಇಡ್ತಾರೆ ಅಂತ ಒಮ್ಮೆ ಗಮನಿಸಿ. ಸೆಟ್ ಚುಚ್ಚುತ್ತೆ ಅಂತ ಡಬ್ಬೀಲಿ ಇಟ್ಟಿದ್ರೆ ಮಾಡಿಕೊಟ್ಟ ಡಾಕ್ಟ್ರ ಹತ್ರನೇ ವಾಪಸ್ ಕರ್ಕೊಂಡು ಹೋಗಿ, ಸೆಟ್ಟಲ್ಲಿ ಚುಚ್ಚೋ ಜಾಗ ತೇಯ್ದು ಸರಿ ಮಾಡ್ತಾರೆ.