ಸರ್ಪಸುತ್ತಿನ ಲಸಿಕೆ ಮರೆವಿಗಲ್ಲ, ನೋವಿಗೆ ಹಾಕಿಸಿ

ನಮ್ಮ ಡೊಂಬಿವಲಿ ಕನ್ನಡದವರ ವಾಟ್ಸಾಪ್ ಗುಂಪಿನಲ್ಲಿ ಈಚೆಗೆ ಒಂದೇ ಫಾರ್ವರ್ಡ್ ಸುತ್ತುತ್ತಿದೆ. ಸರ್ಪಸುತ್ತಿನ ಲಸಿಕೆ ತಗೊಂಡ್ರೆ ಮರೆವಿನ ಕಾಯಿಲೆ (ಡಿಮೆನ್ಷಿಯಾ) ಬರೋದೇ ಇಲ್ವಂತೆ. ಅರ್ಧ ಜನ ಕೈಮುಗಿದಿದ್ದಾರೆ, ಇನ್ನರ್ಧ ಜನ ಎಲ್ಲಾ ಕಂಪನಿಯವರ ಆಟ ಅಂದಿದ್ದಾರೆ.

ಇಂಥ ಸುದ್ದಿ ನೋಡಿದಾಗ ನನಗೂ ಅನುಮಾನವೇ. ದೊಡ್ಡವರಾದ ಮೇಲೆ ಲಸಿಕೆ ಹಾಕಿಸಿಕೊಳ್ಳುವವರು ಸಾಮಾನ್ಯವಾಗಿ ಬೆಳಿಗ್ಗೆ ವಾಕಿಂಗ್ ಹೋಗುವವರು, ಬಿಪಿ ಮಾತ್ರೆ ತಪ್ಪಿಸದವರು, ಕೈಯಲ್ಲಿ ನಾಲ್ಕು ಕಾಸು ಇರುವವರು. ಅವರಿಗೆ ಮರೆವು ಕಡಿಮೆ ಬಂದರೆ ಅದು ಸೂಜಿಯಿಂದಲೇ ಅಂತ ಹೇಗೆ ಹೇಳೋದು?

ಬ್ರಿಟನ್ನಿನ ವೇಲ್ಸ್‌ನ ಕಥೆ ಮಾತ್ರ ಬೇರೆ. 2013ರ ಸೆಪ್ಟೆಂಬರ್ 1ರಂದು ಅಲ್ಲಿ ಈ ಲಸಿಕೆ ಕೊಡಲು ಶುರು ಮಾಡಿದರು. 1933ರ ಸೆಪ್ಟೆಂಬರ್ 2 ಅಥವಾ ಆಮೇಲೆ ಹುಟ್ಟಿದವರಿಗೆ ಉಂಟು, ಒಂದೇ ದಿನ ಮುಂಚೆ ಹುಟ್ಟಿದ್ದರೂ ಇಲ್ಲ. ಆಗಸ್ಟ್ ಕೊನೆಗೆ ಹುಟ್ಟಿದವರಿಗೂ ಸೆಪ್ಟೆಂಬರ್ ಮೊದಲ ವಾರ ಹುಟ್ಟಿದವರಿಗೂ ಊಟದಲ್ಲಿ, ದುಡ್ಡಿನಲ್ಲಿ, ವಾಕಿಂಗಿನಲ್ಲಿ ಏನು ವ್ಯತ್ಯಾಸ ಇದ್ದೀತು ಹೇಳಿ? ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಪಾಸ್ಕಲ್ ಗೆಲ್ಡ್‌ಸೆಟ್ಜರ್ ಮತ್ತವರ ಜೊತೆಯವರು ಈ ಎರಡು ಗುಂಪಿನ ಏಳು ವರ್ಷದ ದಾಖಲೆ ನೋಡಿ 2025ರಲ್ಲಿ ನೇಚರ್ ಪತ್ರಿಕೆಯಲ್ಲಿ ಬರೆದರು. ಲಸಿಕೆ ತಗೊಂಡವರಲ್ಲಿ ಡಿಮೆನ್ಷಿಯಾ ಸುಮಾರು 20% ಕಡಿಮೆ, ಹೆಂಗಸರಲ್ಲಿ ಲಾಭ ಜಾಸ್ತಿ. ನಾನು ಒಪ್ಪಿದ್ದು ಆ 20% ನೋಡಿ ಅಲ್ಲ, ಆ ತಾರೀಕು ನೋಡಿ.

ಹಾಗಂತ ಮರೆವು ಬರೋದೇ ಇಲ್ಲ ಅನ್ನೋದು ಸುಳ್ಳು. ಅಲ್ಲಿ ಕೊಟ್ಟದ್ದು ಜೀವಂತ ವೈರಸ್ಸಿನ ಹಳೇ ಲಸಿಕೆ, ನಮ್ಮಲ್ಲಿ 2023ರಿಂದ ಸಿಗ್ತಿರೋದು ಶಿಂಗ್ರಿಕ್ಸ್ ಅನ್ನೋ ಹೊಸ ಲಸಿಕೆ, ಅದರಲ್ಲಿ ಜೀವಂತ ವೈರಸ್ ಇಲ್ಲ. ಅದರ ಬಗ್ಗೆ ಆಕ್ಸ್‌ಫರ್ಡ್‌ನವರು 2024ರಲ್ಲಿ ಒಳ್ಳೇದೇ ಹೇಳಿದ್ದಾರೆ, ಆದರೆ ಅದೂ ದಾಖಲೆ ನೋಡಿ ಹೇಳಿದ್ದು. ಐವತ್ತು ದಾಟಿದವರಿಗೆ ಎರಡು ಡೋಸ್, ಒಂದೊಂದಕ್ಕೆ ಹತ್ತು ಸಾವಿರದ ಆಸುಪಾಸು. ಗಂಡ ಹೆಂಡತಿಗೆ ಲೆಕ್ಕ ಹಾಕಿ. ಜೀವಮಾನವೆಲ್ಲ ಹೋಟೆಲಿನಲ್ಲಿ ದುಡಿದು ಮನೆಯಲ್ಲಿ ಕೂತವರಿಗೆ ಮರೆವಿನ ಹೆದರಿಕೆ ತೋರಿಸಿ ಇಷ್ಟು ಖರ್ಚು ಮಾಡಿಸೋದು ನನಗೆ ಸರಿ ಕಾಣಲ್ಲ.

ಆದರೂ ಕೈಲಾಗುವವರು ಹಾಕಿಸಿಕೊಳ್ಳಿ ಅಂತೀನಿ, ಸರ್ಪಸುತ್ತಿಗೋಸ್ಕರ. ಚಿಕ್ಕಂದಿನಲ್ಲಿ ಚಿಕನ್‌ಪಾಕ್ಸ್ ತಂದ ವೈರಸ್ಸೇ ನರದ ಬುಡದಲ್ಲಿ ಮಲಗಿದ್ದು ವಯಸ್ಸಾದ ಮೇಲೆ ಏಳುತ್ತದೆ. ನಮ್ಮತ್ತೆಗೆ ಸೊಂಟದ ಬಲಗಡೆ ಎದ್ದಿತ್ತು. ಪಕ್ಕದ ಮನೆ ಮರಾಠಿ ಕಾಕು ಪಾಪ, ನಾಗಿಣ್ (ಸರ್ಪಸುತ್ತಿಗೆ ಮರಾಠಿ ಹೆಸರು) ಅಂತ ಕೆಮ್ಮಣ್ಣು ಅರೆದು ತಂದು ಹಚ್ಚಿದರು. ಗುಳ್ಳೆ ಒಣಗಿತು, ಉರಿ ಹೋಗಲಿಲ್ಲ. ಸೀರೆ ನೆರಿಗೆ ಸಿಕ್ಕಿಸೋಕೆ ಆಗದೆ ತಿಂಗಳುಗಟ್ಟಲೆ ನೈಟಿಯಲ್ಲೇ ಇದ್ದರು. ಮೇ ತಿಂಗಳ ಸೆಕೆಯಲ್ಲಿ, ಗಾಳಿ ತಾಗಿದರೆ ಚುಚ್ಚುತ್ತೆ ಅಂತ ಫ್ಯಾನ್ ಆಫ್ ಮಾಡಿಸುತ್ತಿದ್ದರು.

ಮರೆವಿನದೇ ಚಿಂತೆ ಅನ್ನೋರು ಮೊದಲು ಬಿಪಿ, ಶುಗರ್ ನೋಡಿಸಿ. ಕಿವುಡುತನವೂ ಮರೆವಿನ ಅಪಾಯಗಳ ಪಟ್ಟಿಯಲ್ಲಿದೆ. ನಮ್ಮ ಗುಂಪಿನಲ್ಲೇ ಕಿವಿ ಮಷೀನ್ ಕಪಾಟಿನಲ್ಲಿಟ್ಟು ಟಿವಿ ಸೌಂಡ್ ಏರಿಸುವವರು ಎಷ್ಟು ಜನ ಇದ್ದಾರೆ, ಅದನ್ನು ಹಾಕಿಕೊಳ್ಳೋಕೆ ಈಗ ಹೊಸದಾಗಿ ದುಡ್ಡೇನೂ ಬೇಕಿಲ್ಲ ಅಲ್ವಾ?